ಒದ್ದೆ ಬೂಟು, ಒಲೆ ಮೇಲಿನ ಸಲಹೆ ಮತ್ತು ಒಂದಿಷ್ಟು ಸಿಟ್ಟು

ನಮ್ಮ ಕಡೆ ಮಳೆ ಬರೋದೇ ಅಪರೂಪ. ಬಂತು ಅಂದ್ರೆ ಮಾತ್ರ ಮಳೆಗಿಂತ ಜೋರಾಗಿ ಸಲಹೆಗಳು ಸುರಿಯೋಕೆ ಶುರು ಆಗ್ತವೆ. ಬೂಟು ಒದ್ದೆ ಆಯ್ತಾ? ಹೇರ್ ಡ್ರೈಯರ್ ಹಿಡೀರಿ. ಒಲೆ ಪಕ್ಕ ಇಡ್ರಿ. ಅಕ್ಕಿ ಚೀಲದಾಗ ಹುಗೀರಿ. ಬೈಕ್ ಸ್ಟಾರ್ಟ್ ಮಾಡಿ ಸೈಲೆನ್ಸರ್ ಮುಂದೆ ಹಿಡೀರಿ, ಐದೇ ನಿಮಿಷ! ಇದನ್ನೆಲ್ಲಾ ಕೇಳಿ ಕೇಳಿ, ಓದಿ ಓದಿ ತಲೆ ಕೆಟ್ಟು ಇವತ್ತು ಕೀಬೋರ್ಡ್ ಕುಟ್ಟೋಕೆ ಕೂತಿದೀನಿ. ಸ್ವಲ್ಪ ಉದ್ದ ಆಗುತ್ತೆ, ಸ್ವಲ್ಪ ಖಾರಾನೂ ಇರುತ್ತೆ. ತಡ್ಕೊಳ್ಳಿ.

"ಬೂಟು ಒಣಗಿಸೋದೂ ಬರೆಯೋ ವಿಷಯಾನೇನ್ರಿ?" ಅಂತ ಕೇಳೋ ಬ್ಲಾಗಿಗ ಮಿತ್ರರು ಇದ್ದೇ ಇರ್ತೀರಿ. ಕವಿತೆಗೆ ಮಳೆ ಬೇಕು, ಮಳೆಗೆ ಕಾಫಿ ಬೇಕು, ಕಾಫಿಗೆ ಕಿಟಕಿ ಬೇಕು... ಆ ಕಿಟಕಿಯಾಚೆ ಬೈಕಿನ ಮೇಲೆ ಸೊಂಟದವರೆಗೆ ತೊಯ್ದು ಹೋಗ್ತಾ ಇರೋನ ಕಾಲಲ್ಲಿರೋ ಬೂಟು ಮಾತ್ರ ಯಾರಿಗೂ ಬೇಡ. ಅದಕ್ಕೇ ನಾನು ಬರೀತೀನಿ.

ಮೊದಲು, ಕೊಪ್ಪಳ ಜಿಲ್ಲೆಯಲ್ಲಿ ಬೈಕ್ ಮೇಲೆ ಬೂಟು ಹಾಕ್ಕೊಂಡು ಓಡಾಡೋರು ಯಾರು ಅಂತ ಹೇಳಿಬಿಡ್ತೀನಿ. ಬೆಂಗಳೂರಿಂದ ಹಂಪಿ, ಆನೆಗೊಂದಿ ನೋಡೋಕೆ ದೊಡ್ಡ ಬೈಕಲ್ಲಿ ಬರೋ ಹುಡುಗರ ಬೂಟು ನಮಗೂ ಗೊತ್ತು. ಮೊಣಕಾಲುದ್ದ, ಪ್ಲಾಸ್ಟಿಕ್ ಕವಚ, ಕ್ಲಿಪ್ಪು, ಜಿಪ್ಪು. ಚೆನ್ನಾಗಿರ್ತವೆ. ನಾನು ಅವರ ಬಗ್ಗೆ ಹೇಳ್ತಾ ಇಲ್ಲ. ನಮ್ಮ ಜಿಲ್ಲೆಯ ಬೈಕ್ ಬೂಟು ಅಂದ್ರೆ ಸೇಫ್ಟಿ ಶೂ. ಗಿಣಿಗೇರಾ, ಬೇವಿನಹಳ್ಳಿ, ಅಲ್ಲಾನಗರದ ಕಡೆ ಕಬ್ಬಿಣ, ಉಕ್ಕಿನ ಕಾರ್ಖಾನೆಗಳಿಗೆ ಪಾಳಿ ಮೇಲೆ ಹೋಗೋರ ಕಾಲಲ್ಲಿರೋದು. ಮುಂದೆ ಉಕ್ಕಿನ ಟೋಪಿ, ಮೇಲೆ ಕಪ್ಪು ಚರ್ಮ, ಕೆಳಗೆ ದಪ್ಪ ಪಿಯು ಸೋಲು. ರಾತ್ರಿ ಪಾಳಿಗೆ ಹಳ್ಳಿಯಿಂದ ಬಸ್ಸು ಎಲ್ಲಿ ಸಿಗಬೇಕು? ಬೈಕೇ ಗತಿ. ಕಾರ್ಖಾನೆ ಬೂಟೇ ಬೈಕ್ ಬೂಟು, ಮಳೆ ಬೂಟೂ ಅದೇ.

ಇನ್ನು ಗಂಗಾವತಿ, ಕಾರಟಗಿ ಕಡೆ ಬನ್ನಿ. ಬೀಜ, ಗೊಬ್ಬರ, ಔಷಧದ ಅಂಗಡಿಗೆ ಓಡಾಡೋ ಹುಡುಗರು, ಸಂಘದ ಸಾಲದ ಕಂತು ವಸೂಲಿಗೆ ಬರೋರು, ಮೆಡಿಕಲ್ ರೆಪ್‌ಗಳು, ಹಾಲಿನ ಕ್ಯಾನು ಕಟ್ಟಿಕೊಂಡು ಹೋಗೋರು. ಅಲ್ಲಿ ಬೂಟು ಒದ್ದೆ ಆಗೋಕೆ ಮಳೆನೂ ಬೇಡ. ತುಂಗಭದ್ರಾ ಎಡದಂಡೆ ಕಾಲುವೆ ಬಿಟ್ಟರೆ ಸಾಕು, ಗದ್ದೆಯ ಬದು ದಾಟೋವಾಗ ಬೇಸಿಗೇಲೂ ಕಾಲು ಕೆಸರಲ್ಲಿ. ಯಲಬುರ್ಗಾ, ಕುಷ್ಟಗಿ ಕಡೆ ಇನ್ನೊಂದು ಥರ. ಎರೆ ಹೊಲ. ನಾಲ್ಕು ಹನಿ ಬಿದ್ರೆ ಬೂಟಿಗೆ ಎರಡೆರಡು ಕೆಜಿ ಮಣ್ಣು ಅಂಟಿರುತ್ತೆ, ಬೈಕಿನ ಮಡ್‌ಗಾರ್ಡ್ ಒಳಗೆ ಮಣ್ಣು ಗಟ್ಟಿಯಾಗಿ ಗಾಲಿನೇ ತಿರುಗಲ್ಲ. ಇಳಿದು ತಳ್ಳಬೇಕು. ತಳ್ಳೋದು ಯಾವುದರಿಂದ? ಅದೇ ಬೂಟಿನ ಕಾಲಿಂದ.

ನನ್ನ ವಾದ ಎರಡೇ. ಒಂದು: ಬೂಟು ಬೇಗ ಒಣಗಬೇಕು ಅಂದ್ರೆ ಬೇಕಾಗಿರೋದು ಗಾಳಿ, ಬೆಂಕಿ ಅಲ್ಲ. ಎರಡು: ರಾತ್ರಿ ಹತ್ತಕ್ಕೆ ತೊಯ್ದ ಬೂಟು ಬೆಳಿಗ್ಗೆ ಐದಕ್ಕೆ ಒಣಗಿರಲೇಬೇಕು ಅನ್ನೋ ಪರಿಸ್ಥಿತಿ ಇದೆಯಲ್ಲ, ಮೂಲ ತಪ್ಪು ಅಲ್ಲಿದೆ. ಅದನ್ನ ಬಿಟ್ಟು ಬರೀ ಉಪಾಯ ಹೇಳೋರು ಅರ್ಧ ಸತ್ಯ ಹೇಳ್ತಿದಾರೆ.

ಮೊದಲನೇದಕ್ಕೆ ಬರೋಣ.

ಚರ್ಮ ಅಂದ್ರೆ ಒಂದು ಕಾಲಕ್ಕೆ ಪ್ರಾಣಿಯ ಮೈಮೇಲಿದ್ದ ಚರ್ಮ. ಅದು ಕೊಲಾಜೆನ್ ಅನ್ನೋ ನಾರಿನ ಹೆಣಿಗೆ. ನಮ್ಮ ಹಿರಿಯರು ಇದನ್ನ ತಂಗಡಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡ್ತಿದ್ರು, ಈಗಿನ ಕಾರ್ಖಾನೆಗಳಲ್ಲಿ ಹೆಚ್ಚಾಗಿ ಕ್ರೋಮಿಯಂ ಲವಣ. ಹದ ಮಾಡಿದ ಮೇಲೆ ನಾರುಗಳ ನಡುವೆ ಎಣ್ಣೆ ಹಿಡಿಸ್ತಾರೆ, ಬಗ್ಗಿಸಿದ್ರೆ ಸೀಳಬಾರದು ಅಂತ. ತೊಗಟೆಯಲ್ಲಿ ಹದ ಮಾಡಿದ ಚರ್ಮ ಒದ್ದೆ ಇದ್ದಾಗ 70-80 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಮುದುಡೋಕೆ ಶುರು. ಕ್ರೋಮ್ ಚರ್ಮ 100ರ ಸುಮಾರಿನವರೆಗೆ ತಡೆಯುತ್ತೆ. ಗಮನಿಸಿ, ಒದ್ದೆ ಇದ್ದಾಗ! ಒಣ ಚರ್ಮ ಇದಕ್ಕಿಂತ ಹೆಚ್ಚು ಕಾವು ತಡ್ಕೊಳ್ಳುತ್ತೆ. ಅಂದ್ರೆ ಬೂಟು ಅತ್ಯಂತ ನಾಜೂಕಾಗಿರೋ ಹೊತ್ತಲ್ಲೇ ನಾವು ಅದನ್ನ ಒಲೆ ಮುಂದೆ ಹಿಡೀತೀವಿ. ಮುದುಡೋ ಮಟ್ಟಕ್ಕೆ ಹೋಗದಿದ್ರೂ ಮೇಲ್ಪದರ ಮೊದಲು ಒಣಗಿ ಬಿಗಿಯಾಗುತ್ತೆ, ಒಳಗೆ ಇನ್ನೂ ನೀರು. ನೀರು ಹೊರಗೆ ಬರೋವಾಗ ಎಣ್ಣೆಯೂ ಜೊತೆಗೆ ಸರಿಯುತ್ತೆ. ನಾಲ್ಕು ಸಲ ಹೀಗಾದ್ರೆ ಬೆರಳು ಬಗ್ಗೋ ಜಾಗದಲ್ಲಿ ಬಿರುಕು. ಆಮೇಲೆ ಆ ಬಿರುಕಿಂದಲೇ ಮುಂದಿನ ಮಳೆ ಒಳಗೆ ಬರುತ್ತೆ.

ಚರ್ಮಕ್ಕಿಂತ ಮೊದಲು ಸೋಲೋದು ಅಂಟು. ಸೋಲನ್ನ ಹಿಡಿದಿರೋ ಅಂಟು ಕಾವಿಗೆ ಮೆತ್ತಗಾಗೋ ಸ್ವಭಾವದ್ದು. ಅಂಗಡಿಯಲ್ಲಿ ಬೂಟು ರಿಪೇರಿ ಮಾಡೋರು ಹಳೇ ಸೋಲು ಬಿಚ್ಚೋಕೆ ಏನು ಮಾಡ್ತಾರೆ ನೋಡಿದೀರಾ? ಬಿಸಿ ಮಾಡ್ತಾರೆ! ಸೋಲು ಕೀಳೋ ವಿದ್ಯೆಯನ್ನೇ ನಾವು ಒಣಗಿಸೋ ವಿದ್ಯೆ ಅಂತ ಹಂಚ್ತಾ ಇದೀವಿ.

ಈಗ ಒಂದೊಂದೇ ಸಲಹೆ ತಗೊಳ್ಳೋಣ.

ಸೈಲೆನ್ಸರ್. ಇಂಜಿನ್ ಬಿಸಿಯಾದ ಮೇಲೆ ಸೈಲೆನ್ಸರ್ ಪೈಪಿಗೆ ಹನಿ ನೀರು ಬಿದ್ರೆ ಚುಂಯ್ ಅಂತ ಹಾರಿಹೋಗುತ್ತೆ. ಅಂದ್ರೆ 100 ಡಿಗ್ರಿ ದಾಟಿದೆ ಅಂತ ಲೆಕ್ಕ. ಅದರ ಬಾಯಿಂದ ಬರೋ ಹೊಗೆಯಲ್ಲಿ ನೀರಿನ ಆವಿನೂ ಇರುತ್ತೆ, ಪೆಟ್ರೋಲ್ ಉರಿದಾಗ ನೀರೇ ಹುಟ್ಟೋದು. ಒಣಗಿಸೋಕೆ ಹಬೆ ಹಿಡಿದ ಹಾಗೆ. ಜೊತೆಗೆ ಪ್ರಾಣ ತೆಗೆಯೋ ಕಾರ್ಬನ್ ಮಾನಾಕ್ಸೈಡ್. ಮಳೆ ಅಂತ ಬೈಕನ್ನ ಪಡಸಾಲೆ ಒಳಗೇ ನಿಲ್ಲಿಸಿ ಈ ಪ್ರಯೋಗ ಮಾಡೋರಿಗೆ ಕೈಮುಗಿದು ಹೇಳ್ತೀನಿ, ಬೇಡ. ಬೂಟು ಹೋದ್ರೆ ಇನ್ನೊಂದು ಬರುತ್ತೆ.

ಹೇರ್ ಡ್ರೈಯರ್. ಸಾವಿರ ವಾಟಿನ ಡ್ರೈಯರ್ ಅರ್ಧ ಗಂಟೆ ಹಿಡಿದ್ರೆ ಅರ್ಧ ಯೂನಿಟ್ ಕರೆಂಟು. 55 ವಾಟಿನ ಟೇಬಲ್ ಫ್ಯಾನು ರಾತ್ರಿಯಿಡೀ, ಒಂಬತ್ತು ಗಂಟೆ ಓಡಿದ್ರೂ ಅದೇ ಅರ್ಧ ಯೂನಿಟ್. ಮೊದಲನೇದು ಒಂದು ಜಾಗ ಸುಟ್ಟು ಇನ್ನೊಂದು ಜಾಗ ಒದ್ದೆ ಬಿಡುತ್ತೆ, ನೀವು ನಿದ್ದೆ ಕೆಟ್ಟು ಕೈಯಲ್ಲಿ ಹಿಡಿದು ಕೂರಬೇಕು. ಎರಡನೇದು ನೀವು ಮಲಗಿದ್ದಾಗ ಕೆಲಸ ಮಾಡುತ್ತೆ. ಒದ್ದೆ ನೆಲ, ಒದ್ದೆ ಕೈ, ಕರೆಂಟಿನ ಸಾಮಾನು, ಈ ಮೂರೂ ಸೇರಿದ್ರೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಾ?

ತಗಡಿನ ಮೇಲೆ ಬಿಸಿಲಿಗೆ ಇಡೋದು. ನಮ್ಮ ಬಿಸಿಲು ಗೊತ್ತಲ್ಲ, ಮಳೆ ನಿಂತ ಮರುದಿನವೇ ತಗಡಿಗೆ ಕೈ ಇಟ್ಟರೆ ಬೊಬ್ಬೆ ಬರುತ್ತೆ. ಅದರ ಮೇಲೆ ಕಪ್ಪು ಬೂಟು! ನೆರಳಲ್ಲಿ, ಗಾಳಿ ಆಡೋ ಕಡೆ ಇಡಿ. ಅಷ್ಟೇ.

ಅಕ್ಕಿ ಚೀಲ. ಈ ಸಲಹೆ ಗಂಗಾವತಿಯಲ್ಲಿ ಕೇಳಿಸಿದಾಗ ಮಾತ್ರ ನಗು ತಡೆಯೋಕೆ ಆಗ್ಲಿಲ್ಲ. ಸೋನಾಮಸೂರಿ ಊರಿನವರಿಗೆ ಅಕ್ಕಿ ಪಾಠ! ಅಲ್ಲಾ ಸ್ವಾಮಿ, ಭತ್ತ ಖರೀದಿ ಕೇಂದ್ರದಲ್ಲಿ ಮೊದಲು ಮಾಡೋ ಕೆಲಸ ಏನು? ತೇವಾಂಶ ಅಳೆಯೋದು. ಬೆಂಬಲ ಬೆಲೆಗೆ ತಗೊಳ್ಳೋ ಭತ್ತದಲ್ಲಿ ತೇವಾಂಶ ಶೇ. 17 ಮೀರಬಾರದು ಅಂತ ನಿಯಮ. ಮಿಲ್ಲಿಂದ ಬಂದ ಅಕ್ಕಿಯಲ್ಲೂ ಶೇ. 12-14ರಷ್ಟು ನೀರು ಆಗಲೇ ಇರುತ್ತೆ. ಹೊಟ್ಟೆ ತುಂಬಿದವನ ಮುಂದೆ ಎಡೆ ಇಟ್ಟ ಹಾಗೆ, ಅದು ನಿಮ್ಮ ಬೂಟಿನ ನೀರು ಎಷ್ಟು ಕುಡಿಯುತ್ತೆ? ಆ ಅಕ್ಕಿನ ಆಮೇಲೆ ಯಾರು ಉಣ್ಣೋರು ಅನ್ನೋ ಪ್ರಶ್ನೆ ಬೇರೆ. ಅವ್ವನ ಕೈಗೆ ಸಿಕ್ಕಿಬಿದ್ರೆ ಬೂಟು ಒಣಗುತ್ತೋ ಇಲ್ಲವೋ, ನಿಮ್ಮ ಬೆನ್ನು ಮಾತ್ರ ಬಿಸಿ ಆಗೋದು ಗ್ಯಾರಂಟಿ :)

ಹಾಗಾದ್ರೆ ಒಣಗೋದು ಅಂದ್ರೆ ಏನು? ನೀರು ಬೂಟಿಂದ ಗಾಳಿಗೆ ಹೋಗಬೇಕು, ಆ ಗಾಳಿ ಅಲ್ಲಿಂದ ಆಚೆ ಹೋಗಬೇಕು. ಈ ಎರಡನೇ ಅರ್ಧವನ್ನೇ ಎಲ್ಲರೂ ಮರೀತಾರೆ. ಒಂದು ಸಣ್ಣ ಲೆಕ್ಕ ಹಾಕೋಣ, ಶಾಲೆ ಬಿಟ್ಟ ಮೇಲೆ ಲೆಕ್ಕ ಬಿಟ್ಟೋರೂ ಓದಿ. 10 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಕೋಣೆ. ಸುಮಾರು 28 ಘನಮೀಟರ್ ಗಾಳಿ. ಮಳೆಗಾಲದ ರಾತ್ರಿ 26 ಡಿಗ್ರಿ ಇದೆ ಅಂದುಕೊಳ್ಳಿ. ಆ ಕಾವಿನಲ್ಲಿ ಒಂದು ಘನಮೀಟರ್ ಗಾಳಿ ಹೆಚ್ಚಂದ್ರೆ 24 ಗ್ರಾಂ ನೀರಾವಿ ಹಿಡಿಯಬಲ್ಲದು. ಅದರಲ್ಲಿ ಶೇ. 85 ಆಗಲೇ ತುಂಬಿದೆ ಅಂದ್ರೆ ಖಾಲಿ ಇರೋದು ಶೇ. 15. ಇಡೀ ಕೋಣೆಗೆ ಸೇರಿ ಸುಮಾರು 100 ಗ್ರಾಂ. ನಿಮ್ಮ ಎರಡು ಬೂಟಲ್ಲಿ ಒಂದೊಂದು ಲೋಟ ನೀರಿದ್ರೆ ಅದೇ 400 ಗ್ರಾಂ ಆಯ್ತು. ಬಾಗಿಲು, ಕಿಟಕಿ ಹಾಕ್ಕೊಂಡು ಫ್ಯಾನು ತಿರುಗಿಸ್ತಾ ಕೂತ್ರೆ ಕಾಲು ಭಾಗ ನೀರು ಹೋಗೋ ಹೊತ್ತಿಗೆ ಕೋಣೆಯ ಗಾಳಿ "ನನ್ನ ಕೈಲಿ ಆಗಲ್ಲಪಾ" ಅಂತ ಕೈ ಎತ್ತುತ್ತೆ. ಬೂಟು ಒಣಗಲ್ಲ, ಗೋಡೆ ಬೆವರುತ್ತೆ. ಅದಕ್ಕೇ ಕಿಟಕಿ ತೆಗೀರಿ. ಹೊರಗೆ ಮಳೆ ಇದ್ರೂ ತೆಗೀರಿ. ಹೊರಗಿನ ಗಾಳಿಯಲ್ಲೂ ಅಷ್ಟೇ ಜಾಗ ಖಾಲಿ ಇದೆ, ಅದಕ್ಕೆ ಕೊನೆ ಇಲ್ಲ.

ಕಾವು ಬೇಡವೇ ಬೇಡ ಅಂತಲ್ಲ. ಅದೇ ಗಾಳಿಯನ್ನ ಹತ್ತು ಡಿಗ್ರಿ ಬೆಚ್ಚಗೆ ಮಾಡಿದ್ರೆ ಶೇ. 85 ಇದ್ದ ತೇವ ಶೇ. 50ರ ಹತ್ತಿರಕ್ಕೆ ಇಳಿಯುತ್ತೆ. ಬೆಚ್ಚಗೆ ಬೇಕು, ಬಿಸಿ ಬೇಡ. ಅಳತೆಗೋಲು ಥರ್ಮಾಮೀಟರ್ ಅಲ್ಲ, ನಿಮ್ಮ ಅಂಗೈ. ಬೂಟು ಇಡೋ ಜಾಗದಲ್ಲಿ ಅಂಗೈ ಇಟ್ಟು ನಿಧಾನಕ್ಕೆ ಇಪ್ಪತ್ತು ಎಣಿಸಿ. ಹಿತವಾಗಿದ್ರೆ ಬೂಟಿಗೂ ಹಿತ. ಚುರ್ ಅಂದ್ರೆ ಬೂಟಿಗೂ ಚುರ್.

ಇನ್ನು ಮಾಡಬೇಕಾದ್ದು. ಮನೆಗೆ ಬಂದ ತಕ್ಷಣ, "ಊಟ ಮಾಡಿ ಆಮೇಲೆ" ಅನ್ನೋದು ಬೇಡ, ಲೇಸು ಪೂರ್ತಿ ಬಿಚ್ಚಿ, ನಾಲಿಗೆ ಎಳೆದು ಬೂಟಿನ ಬಾಯಿ ಅಗಲ ಮಾಡಿ. ಒಳಗಿನ ಮೆತ್ತೆ, ಅದೇ ಇನ್‌ಸೋಲ್, ಹೊರಗೆ ಎಳೀರಿ. ನೀರು ಹೆಚ್ಚು ಹಿಡಿಯೋ ಕಳ್ಳ ಅದೇ. ಅದನ್ನ ಬೇರೆ ನೇತುಹಾಕಿ. ಎರೆ ಮಣ್ಣು ಅಂಟಿದ್ರೆ ಒದ್ದೆ ಇದ್ದಾಗಲೇ ಬಟ್ಟೆಯಿಂದ ಒರೆಸಿ ತೆಗೀರಿ, ಒಣಗಿದ್ರೆ ಅದು ಚರ್ಮದ ಜೊತೆಗೇ ಬಿರಿಯುತ್ತೆ. ಬೂಟು ಬೋರಲು ಹಾಕಿ ಹತ್ತು ನಿಮಿಷ ನೀರು ಇಳಿಯಲಿ.

ಆಮೇಲೆ ಹಳೇ ಪಂಚೆ ಚೂರು, ಬನಿಯನ್ನು, ಯಾವುದಾದ್ರೂ ಹತ್ತಿ ಬಟ್ಟೆ ಒಳಗೆ ತುರುಕಿ ಗಟ್ಟಿಯಾಗಿ ಒತ್ತಿ, ತೆಗೀರಿ, ಹಿಂಡಿ, ಮತ್ತೆ ತುರುಕಿ. ಬಟ್ಟೆ ಎರಡು ನಿಮಿಷದಲ್ಲಿ ಹೀರೋ ನೀರನ್ನ ಗಾಳಿ ಎರಡು ತಾಸು ಹೊರಬೇಕು. ಬೇಗ ಒಣಗಿಸೋ ಗುಟ್ಟು ಅಂತ ಏನಾದ್ರೂ ಇದ್ರೆ ಇದೇ. ಮೊದಲು ಹಿಂಡು, ಆಮೇಲೆ ಒಣಗಿಸು. ಬಟ್ಟೆ ಒಗೆದು ಹಿಂಡದೇ ಯಾರಾದ್ರೂ ಹಗ್ಗಕ್ಕೆ ಹಾಕ್ತಾರಾ?

ಆಮೇಲೆ ಪೇಪರ್. ನಿನ್ನೆಯ ಪ್ರಜಾವಾಣಿಯೋ ವಿಜಯ ಕರ್ನಾಟಕವೋ, ಯಾವುದಾದ್ರೂ ಆಗುತ್ತೆ, ಇಲ್ಲಿ ಸಿದ್ಧಾಂತದ ಜಗಳ ಬೇಡ. ಮಿರಮಿರ ಮಿಂಚೋ ಪುರವಣಿ ಹಾಳೆ ಮಾತ್ರ ಬೇಡ, ಅದು ನೀರು ಹೀರಲ್ಲ. ಸಡಿಲವಾಗಿ ಉಂಡೆ ಮಾಡಿ ತುಂಬಿ. ಮೊದಲನೇ ಸಲ ಅರ್ಧ ಗಂಟೆಗೆ ಬದಲಿಸಿ, ಆಮೇಲೆ ಗಂಟೆಗೊಮ್ಮೆ ಎರಡು ಮೂರು ಸಲ. ತುಂಬಿ ಮಲಗಿಬಿಟ್ರೆ ಒದ್ದೆ ಪೇಪರ್ರೇ ಬೂಟಿನ ಬಾಯಿಗೆ ಬಿರಡೆ ಆಗುತ್ತೆ. ಮಲಗೋ ಮುಂಚೆ ಪೇಪರ್ ತೆಗೆದು ಹಾಕಿ. ಸ್ಟೂಲನ್ನ ತಿರುವಿ ಹಾಕಿ, ಮೇಲೆ ಬಂದ ಕಾಲುಗಳಿಗೆ ಬೂಟು ಓರೆಯಾಗಿ ಸಿಗಿಸಿ, ಬಾಯಿ ಫ್ಯಾನಿನ ಕಡೆ ಇರಲಿ. ಕಿಟಕಿ ತೆಗೆದಿರಲಿ. ಪಾಲಿಶು ಒಣಗಿದ ಮೇಲೆ, ಮೊದಲು ಬಳಿದ್ರೆ ಮೇಣ ನೀರನ್ನ ಒಳಗೇ ಕೂಡಿಹಾಕುತ್ತೆ. ಕರೆಂಟು ಹೋಗಿದ್ರೆ? ಬಟ್ಟೆ, ಪೇಪರ್ ಇನ್ನೆರಡು ಸುತ್ತು ಹೆಚ್ಚು, ಗಾಳಿ ಬರೋ ಬಾಗಿಲ ಬಾಯಿ. ಅಷ್ಟೇ ದಾರಿ.

ಒಂದು ಎಚ್ಚರಿಕೆ ಗಂಗಾವತಿ, ಕಾರಟಗಿ ಕಡೆಯವರಿಗೆ. ಔಷಧ ಹೊಡೆದು ಬಂದ ಬೂಟಿಗೆ ಮೇಲಿನ ಯಾವುದೂ ಅನ್ವಯ ಆಗಲ್ಲ. ಅದನ್ನ ಮನೆಯೊಳಗೆ ತರಲೇಬೇಡಿ. ರಬ್ಬರ್ ಗಮ್‌ಬೂಟು ಆದ್ರೆ ಹೊರಗೇ ಸೋಪು ಹಾಕಿ ತೊಳೀರಿ. ಚರ್ಮದ ಬೂಟು ಕೀಟನಾಶಕದಲ್ಲಿ ನೆನೆದಿದ್ರೆ ಒಣಗಿಸೋದಲ್ಲ, ಎಸೆಯೋದು. ಚರ್ಮ ಹೀರಿದ ವಿಷ ತೊಳೆದ್ರೆ ಹೋಗಲ್ಲ, ಒಣಗಿದ್ರೂ ಹೋಗಲ್ಲ, ಮರುದಿನ ಬೆವರಿನ ಜೊತೆ ಕಾಲಿಗೆ ಬರುತ್ತೆ.

ಇಷ್ಟು ಹೇಳಿದ ಮೇಲೆ ಕೆಲವರು ಕೇಳ್ತಾರೆ: "ಆಯ್ತಪಾ, ಗಡಿಬಿಡಿ ಇದ್ದಾಗ ಒಲೆ ಮುಂದೆ ಇಟ್ಟರೆ ಒಂದಿಷ್ಟು ಬಿರುಕು ಬಿಟ್ಟೀತು. ಒದ್ದೆ ಬೂಟಿಗಿಂತ ಬಿರುಕು ಬಿಟ್ಟ ಬೂಟು ವಾಸಿ ಅಲ್ವಾ?" ಅಲ್ಲ. ಕಬ್ಬಿಣ ಕರಗಿಸೋ ಜಾಗದಲ್ಲಿ ಅಲ್ಲ. ಕರಗಿದ ಲೋಹ ನೀರಿನ ಮೇಲೆ ಬಿದ್ರೆ ಆ ನೀರು ಕ್ಷಣದಲ್ಲಿ ಹಬೆಯಾಗಿ ಸುಮಾರು 1,600 ಪಟ್ಟು ಹಿಗ್ಗುತ್ತೆ, ಲೋಹವನ್ನೇ ಸಿಡಿಸುತ್ತೆ. ಒದ್ದೆ ಬೂಟಿನ ಮೇಲೆ ಕಾವು ಬಿದ್ರೆ ಒಳಗಿನ ನೀರು ಕಾಲನ್ನೇ ಬೇಯಿಸುತ್ತೆ. ಬಿರುಕು ಬಿಟ್ಟ ಬೂಟಿನಲ್ಲಿ ಕಿಡಿ ಒಳಗೆ ಹೋಗೋಕೆ ದಾರಿ. ಸೇಫ್ಟಿ ಶೂಗೆ ಐಎಸ್ 15298 ಅಂತ ಭಾರತೀಯ ಮಾನಕ ಇದೆ, ಬೂಟು ಹೇಗಿರಬೇಕು ಅಂತ ಪುಟಗಟ್ಟಲೆ ಬರೆದಿದೆ. ಅದನ್ನ ಒಲೆ ಮುಂದೆ ಇಟ್ಟು ಸೋಲು ಬಿಚ್ಚಿಕೊಂಡ ಮೇಲೆ ಅದು ಬೂಟಲ್ಲ, ಬೂಟಿನ ವೇಷ. ಗೇಟಿನಲ್ಲಿ ಸೆಕ್ಯೂರಿಟಿಯವನಿಗೆ ತೋರಿಸೋಕೆ ಮಾತ್ರ ಸರಿ.

ಎಷ್ಟೋ ಜನ ಮಾಡೋದು ಬೇರೆನೇ. ಬೂಟು ತೊಯ್ಬಾರದು ಅಂತ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಹ್ಯಾಂಡಲ್‌ಗೆ ನೇತುಹಾಕಿ, ಹವಾಯಿ ಚಪ್ಪಲಿಯಲ್ಲಿ ಬೈಕ್ ಓಡಿಸ್ತಾರೆ. ಹೊಸಪೇಟೆ-ಗದಗ ಹೆದ್ದಾರಿಯಲ್ಲಿ ಅದಿರು ಲಾರಿಗಳ ನಡುವೆ! ಗೇರಿಗೆ ಎಡಗಾಲು, ಹಿಂದಿನ ಬ್ರೇಕಿಗೆ ಬಲಗಾಲು. ಒದ್ದೆ ಚಪ್ಪಲಿ ಜಾರಿದ್ರೆ ಬ್ರೇಕ್ ಎಲ್ಲಿ? ಬಿದ್ರೆ ಪಾದದ ಗಂಟಿಗೆ ಕಾವಲು ಎಲ್ಲಿ? ಇದಕ್ಕೆ ಕಾನೂನು ಏನೂ ಹೇಳಲ್ಲ. 2019ರಲ್ಲಿ ಚಪ್ಪಲಿ ಹಾಕಿ ಬೈಕ್ ಓಡಿಸಿದ್ರೆ ದಂಡ ಅಂತ ಸುದ್ದಿ ಹಬ್ಬಿದಾಗ, ಹಾಗೇನೂ ಇಲ್ಲ ಅಂತ ಕೇಂದ್ರ ಸಾರಿಗೆ ಸಚಿವರ ಕಚೇರಿಯೇ ಸ್ಪಷ್ಟನೆ ಕೊಡ್ತು. ತಲೆಗೆ ಹೆಲ್ಮೆಟ್ ಕಾನೂನು ಇದೆ, ಕಾಲು ಅವರವರ ಕರ್ಮ. ದಂಡ ಹಾಕಿ ಅಂತ ನಾನು ಹೇಳ್ತಿಲ್ಲ. ಒಣಗಿದ ಬೂಟು ಇದ್ದಿದ್ರೆ ಅವನು ಚಪ್ಪಲಿ ಹಾಕ್ತಿದ್ನಾ ಅಂತ ಕೇಳ್ತಿದೀನಿ.

ಇಲ್ಲಿಗೆ ನನ್ನ ಎರಡನೇ ವಾದ.

ಎರಡನೇ ಪಾಳಿ ಮುಗಿಸಿ ರಾತ್ರಿ ಹತ್ತಕ್ಕೆ ಹೊರಟವನು ದಾರಿಯಲ್ಲಿ ತೊಯ್ದು ಮನೆ ಮುಟ್ಟೋದು ಹನ್ನೊಂದಕ್ಕೆ. ಮರುದಿನ ಯಾರೋ ರಜೆ, ನೀನು ಮೊದಲ ಪಾಳಿಗೆ ಬಾ ಅಂದ್ರೆ ಬೆಳಿಗ್ಗೆ ಆರಕ್ಕೆ ಗೇಟಿನಲ್ಲಿರಬೇಕು. ಆರು ತಾಸಿನಲ್ಲಿ ಉಣ್ಣಬೇಕು, ಮಲಗಬೇಕು, ಗಂಟೆಗೊಮ್ಮೆ ಎದ್ದು ಪೇಪರ್ ಬದಲಿಸಬೇಕು. ದಪ್ಪ ಚರ್ಮದ, ಒಳಗೆ ಮೆತ್ತೆಯಿರೋ ಬೂಟು ಪೂರ್ತಿ ತೊಯ್ದಿದ್ರೆ ಮೇಲೆ ಹೇಳಿದ್ದೆಲ್ಲಾ ಮಾಡಿದ್ರೂ ಆರು ತಾಸಲ್ಲಿ ಒಣಗಲ್ಲ ರೀ. ಇದು ಉಪಾಯದ ಕೊರತೆ ಅಲ್ಲ, ಎರಡನೇ ಜೊತೆ ಬೂಟಿನ ಕೊರತೆ.

ಇದು ನಾನು ಕಂಡುಹಿಡಿದ ಹೊಸ ವಿಚಾರ ಏನಲ್ಲ. ಮೊದಲ ಮಹಾಯುದ್ಧದ 1914-15ರ ಚಳಿಗಾಲದಲ್ಲಿ ಫ್ರಾನ್ಸಿನ ಕಂದಕಗಳಲ್ಲಿ ನಿಂತ ಸೈನಿಕರ ಕಾಲು ಒದ್ದೆ ಬೂಟಿನಲ್ಲೇ ಕೊಳೆಯೋಕೆ ಶುರುವಾಯ್ತು. ನಮ್ಮ ದೇಶದಿಂದ ಹೋದ ಸಿಪಾಯಿಗಳೂ ಆ ಕೆಸರಲ್ಲಿ ಇದ್ರು. ಸಾವಿರಾರು ಜನ ಆಸ್ಪತ್ರೆ ಸೇರಿದ್ರು, ಎಷ್ಟೋ ಜನ ಬೆರಳು, ಪಾದ ಕಳಕೊಂಡ್ರು. ಮೊದಮೊದಲು ಸೈನಿಕನದ್ದೇ ಅಸಡ್ಡೆ ಅಂತ ಬೈದ್ರು. ರೋಗ ಹಿಡಿತಕ್ಕೆ ಬಂದಿದ್ದು ಯಾವಾಗ ಗೊತ್ತಾ? ಒಣ ಸಾಕ್ಸು ಮುಂಚೂಣಿವರೆಗೆ ತಲುಪಿಸಿ, ದಿನಾ ಕಾಲು ಪರೀಕ್ಷೆ ಮಾಡಿಸಿ, ಅದರ ಜವಾಬ್ದಾರಿಯನ್ನ ಅಧಿಕಾರಿಗಳ ತಲೆಗೆ ಕಟ್ಟಿದ ಮೇಲೆ. ಸೈನಿಕನಿಗೆ "ಬೂಟು ಒಣಗಿಸೋ 5 ಸುಲಭ ಉಪಾಯ" ಹೇಳಿದ್ದರಿಂದ ಅಲ್ಲ.

ಬ್ರಿಟನ್ನಿನ ಕಲ್ಲಿದ್ದಲು ಗಣಿಗಳ ಕಥೆಯೂ ಇದೇ. ಅಲ್ಲಿ ಗಣಿಗಾರ ಒದ್ದೆ ಬಟ್ಟೆ, ಬೂಟು ಮನೆಗೆ ತಂದು ಒಲೆ ಮುಂದೆ ಒಣಗಿಸ್ತಿದ್ದ, ಆ ದುಡಿಮೆ ಅವನ ಹೆಂಡತಿಯದ್ದು. 1920ರ ದಶಕದಿಂದ ಗಣಿ ಬಾಯಲ್ಲೇ ಸ್ನಾನದ ಮನೆ, ಬಿಸಿಗಾಳಿ ಹಾಯಿಸಿದ ಲಾಕರುಗಳು ಬಂದವು. ಒದ್ದೆ ಬಟ್ಟೆ ಅಲ್ಲೇ ಬಿಟ್ಟು ಮನೆಗೆ ಹೋಗೋದು, ಮರುದಿನ ಒಣಗಿದ್ದು ಹಾಕೋದು. ಒಣಗಿಸೋ ಕೆಲಸ ಮನೆಯ ಒಲೆಯಿಂದ ಗಣಿಯ ಲೆಕ್ಕಕ್ಕೆ ಹೋಯ್ತು. ನೂರು ವರ್ಷ ಆಯ್ತು ರೀ ಇದಾಗಿ! ಕರಗಿದ ಕಬ್ಬಿಣದ ಕಾವು ಹಗಲು ರಾತ್ರಿ ಇರೋ ಜಾಗದಲ್ಲಿ ನೂರು ಜೊತೆ ಬೂಟಿಗೆ ಒಂದು ಬೆಚ್ಚನೆ ಕೋಣೆ, ನಾಲ್ಕು ಸಾಲು ಗೂಟ, ಎರಡು ಎಕ್ಸಾಸ್ಟ್ ಫ್ಯಾನು ಹಾಕೋದು ಅಷ್ಟು ದೊಡ್ಡ ಖರ್ಚಾ? ನಾನು ಯಾವ ಒಂದು ಕಾರ್ಖಾನೆಗೆ ಬೆರಳು ತೋರಿಸ್ತಿಲ್ಲ. ಪಾಳಿ ಮೇಲೆ ಜನರನ್ನ ದುಡಿಸೋ, ಹೊಲ ಊರು ಸುತ್ತಿಸೋ ಪ್ರತಿಯೊಬ್ಬರಿಗೂ ಹೇಳ್ತಿದೀನಿ. ವರ್ಷಕ್ಕೆ ಎರಡು ಜೊತೆ ಕೊಡಿ, ಒಟ್ಟಿಗೇ ಕೊಡಿ. ಗುತ್ತಿಗೆ ಕೂಲಿಯವನಿಗೂ ಕೊಡಿ, ಅವನ ಕಾಲು ಬೇರೆ ಚರ್ಮದ್ದಲ್ಲ.

"ಎರಡು ಕೊಟ್ರೆ ಒಂದು ಮಾರ್ಕೊಳ್ತಾರೆ" ಅನ್ನೋ ಮಾತು ಬರುತ್ತೆ, ಬಂದೇ ಬರುತ್ತೆ. ಎರಡು ಹೆಲ್ಮೆಟ್ಟಿಗೆ ನಂಬರ್ ಬರೀತೀರಲ್ಲ, ಬೂಟಿಗೂ ಬರೀರಿ. ಮತ್ತೆ ಲೆಕ್ಕಾನೂ ನಿಮ್ಮ ಪರವಾಗೇ ಇದೆ. ಒಂದೇ ಜೊತೆ ದಿನಾ ತೊಯ್ದು, ಅರ್ಧ ಒಣಗಿ, ಮತ್ತೆ ತೊಯ್ದ್ರೆ ಬೇಗ ಸಾಯುತ್ತೆ. ಎರಡು ಜೊತೆ ಸರದಿ ಮೇಲೆ ಹಾಕಿದ್ರೆ ಒಂದು ದುಡಿಯೋವಾಗ ಇನ್ನೊಂದು ಉಸಿರಾಡುತ್ತೆ, ಎರಡೂ ಹೆಚ್ಚು ದಿನ ಬಾಳ್ತವೆ.

ಸರ್ಕಾರದ್ದೂ ಒಂದು ಮಾತು. 2015-16ರಿಂದ ನಮ್ಮ ರಾಜ್ಯದ ಸರ್ಕಾರಿ ಶಾಲೆ ಮಕ್ಕಳಿಗೆ ಒಂದು ಜೊತೆ ಶೂ, ಎರಡು ಜೊತೆ ಸಾಕ್ಸ್ ಕೊಡೋ ಯೋಜನೆ ಬಂತು. ಒಳ್ಳೇ ಯೋಜನೆ, ಬರಿಗಾಲಲ್ಲಿ ಹೋಗ್ತಿದ್ದ ಮಕ್ಕಳಿಗೆ ಶೂ ಬಂತು. ಆದ್ರೆ ಆ ಲೆಕ್ಕ ಸ್ವಲ್ಪ ನೋಡಿ. ಸಾಕ್ಸು ತೊಯ್ತವೆ, ಬದಲಿಸಬೇಕು ಅಂತ ಯಾರಿಗೋ ಹೊಳೆದಿದೆ. ಶೂನೂ ಜೊತೆಗೇ ತೊಯ್ಯುತ್ತೆ ಅಂತ ಹೊಳೆದಿಲ್ಲ! ಮಳೆಗಾಲದ ರಾತ್ರಿ ನಮ್ಮ ಹಳ್ಳಿ ಮನೆಗಳಲ್ಲಿ ಒಲೆ ಸುತ್ತ ಸಾಲಾಗಿ ಕೂತಿರೋ ಪುಟ್ಟ ಕಪ್ಪು ಶೂಗಳನ್ನ ನೋಡಿ, ಗೊತ್ತಾಗುತ್ತೆ.

ಕಾಲಿನ ವಿಷಯ ಬಂದಾಗ ಕೆಸರುಹುಣ್ಣು ಬಿಡೋಕಾಗಲ್ಲ. ನಾಟಿ ಮಾಡೋ ಹೆಣ್ಮಕ್ಕಳಿಗೆ ಅದು ಹೊಸದಲ್ಲ, ದಿನವಿಡೀ ಒದ್ದೆ ಬೂಟಲ್ಲಿರೋರಿಗೂ ಅದೇ. ಬೆರಳ ಸಂದಿ ಬೆಳ್ಳಗಾಗಿ, ತುರಿಸಿ, ಬಿರಿದು, ಬೂಷ್ಟು ಹಿಡಿಯೋದು. ಸಕ್ಕರೆ ಕಾಯಿಲೆ ಇದ್ದು ಪಾದದ ಸ್ಪರ್ಶ ಕಡಿಮೆ ಆದವರಿಗೆ ಆ ಸಣ್ಣ ಬಿರುಕೇ ದೊಡ್ಡ ಗಾಯಕ್ಕೆ ಬಾಗಿಲು. ಬೂಟು ಒಣಗಲಿಲ್ಲ ಅಂದ್ರೂ ಸಾಕ್ಸಾದ್ರೂ ಒಣದ್ದು ಒಯ್ಯಿರಿ, ಕೆಲಸದ ಜಾಗಕ್ಕೆ ಹೋಗಿ ಬದಲಿಸಿ, ಬೆರಳ ಸಂದಿ ಒರೆಸಿ.

ಕೊನೆಗೆ ನನ್ನ ಸಿಟ್ಟಿನ ದೊಡ್ಡ ಪಾಲು ಇರೋದು ಇಲ್ಲಿ. ಈ ಎಲ್ಲಾ ಸಲಹೆ ಹಂಚೋ ಮೊದಲು, ಚರ್ಮದ ಬಗ್ಗೆ ನಿಜವಾಗಿ ತಿಳಿದವರನ್ನ ಒಬ್ಬರಾದ್ರೂ ಕೇಳಿದ್ರಾ? ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಯಾವ ಬಸ್ ಸ್ಟ್ಯಾಂಡ್ ಮುಂದೆ ಬೇಕಾದ್ರೂ ಹೋಗಿ. ಛತ್ರಿ ಕೆಳಗೆ ಗೋಣಿತಟ್ಟು ಹಾಸಿ ಕೂತಿರೋ ಕಾಕಾನ ಮುಂದೆ ಬೂಟು ಚಾಚ್ತೀವಿ, ಹತ್ತು ರೂಪಾಯಿಗೆ ಚೌಕಾಸಿ ಮಾಡ್ತೀವಿ. ಅವರನ್ನ "ಕಾಕಾ, ತೊಯ್ದ ಬೂಟು ಹೆಂಗ ಒಣಗಸ್ಬೇಕ್ರಿ?" ಅಂತ ಕೇಳಿ ನೋಡಿ. "ತಮ್ಮಾ, ಇದೂ ಚರ್ಮನ ಐತಿ. ನಿನ್ನ ಕೈ ಒಲಿ ಮ್ಯಾಲ ಹಿಡೀತಿ ಏನು? ನೆಳ್ಳಾಗ ಇಡು, ಗಾಳಿಗಿ ಇಡು" ಅಂತಾರೆ. ನಾನು ಮೇಲೆ ಡಿಗ್ರಿ, ಗ್ರಾಂ ಅಂತ ಮೂರು ಪುಟ ಬರೆದಿದ್ದು ಆ ಎರಡು ಸಾಲಲ್ಲಿದೆ.

ಹನ್ನೆರಡನೇ ಶತಮಾನದಲ್ಲಿ ಸಮಗಾರ ಹರಳಯ್ಯ ಶರಣರ ಸಾಲಿನಲ್ಲಿ ಕೂತಿದ್ದ ನಾಡು ಇದು. ತೊಡೆಯ ಚರ್ಮದಿಂದ ಬಸವಣ್ಣನಿಗೆ ಪಾದರಕ್ಷೆ ಮಾಡಿದ ಕಥೆಯನ್ನ ಭಾಷಣದಲ್ಲಿ ಗದ್ಗದಿತರಾಗಿ ಹೇಳ್ತೀವಿ. 1976ರಲ್ಲಿ ಚರ್ಮ ಕೈಗಾರಿಕೆಗೆ ಅಂತ ಲಿಡ್ಕರ್ ನಿಗಮ ಆಯ್ತು, 2023ರಲ್ಲಿ ನಟ ಡಾಲಿ ಧನಂಜಯ ಅದರ ರಾಯಭಾರಿಯಾದ್ರು. ಎಲ್ಲಾ ಸರಿ. ಆದ್ರೆ ಚರ್ಮದ ಮಾತು ಬಂದಾಗ ಇಂಗ್ಲಿಷ್ ವೆಬ್‌ಸೈಟಿನಲ್ಲಿರೋ ರೂಮ್ ಹೀಟರ್, ಬೂಟ್ ಡ್ರೈಯರ್ ಕನ್ನಡಕ್ಕೆ ಇಳಿಸ್ತೀವೇ ಹೊರತು, ಕಣ್ಣೆದುರಿಗಿರೋ ಕುಶಲಿಯನ್ನ ಕೇಳಲ್ಲ. ಯಾಕೆ? ಅವರ ಕೆಲಸ ನಮಗೆ ಬೇಕು, ಅವರ ತಿಳಿವಳಿಕೆ ತಿಳಿವಳಿಕೆ ಅಂತ ಒಪ್ಪೋಕೆ ಮನಸ್ಸಿಲ್ಲ. ಕಾರಣದ ಹೆಸರು ಜಾತಿ. ಸುತ್ತಿ ಬಳಸಿ ಹೇಳೋದು ಬೇಡ.

ಮಲೆನಾಡಿನ ಬ್ಲಾಗಿಗರೇ, ನಿಮ್ಮ ಬಚ್ಚಲ ಒಲೆ ಮುಂದಿನ ಬೆಚ್ಚನೆ ಜಾಗ ನನಗೂ ಇಷ್ಟ. ಆದ್ರೆ ತಿಂಗಳುಗಟ್ಟಲೆ ಮಳೆ ಸುರಿಯೋ ಊರಿನ ಮನೆ ಮಳೆಗೆ ಅಂತಲೇ ಕಟ್ಟಿದ್ದು. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಬೀಳೋ ನಮ್ಮ ಕಡೆ ಮನೆಗಳು ಬಿಸಿಲಿಗೆ ಕಟ್ಟಿದ್ದು. ಬಂದಾಗ ಒಮ್ಮೆಲೇ ಬರುತ್ತೆ, ಹೆಚ್ಚಾಗಿ ಸೆಪ್ಟೆಂಬರಿನಲ್ಲಿ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಮಳೆ ನೆನಪಿದೆಯಲ್ಲ, ಉತ್ತರ ಕರ್ನಾಟಕದಲ್ಲಿ ಮಣ್ಣಿನ ಮನೆಗಳೇ ಕರಗಿ ಕೂತಿದ್ದು? ಆದ್ದರಿಂದ ನಿಮ್ಮ ಊರಿನ ವಿದ್ಯೆ ನೀವು ಬರೀರಿ, ನಮ್ಮೂರಿನದ್ದು ನಾವು ಬರೀತೀವಿ. ಇಬ್ಬರೂ ಸೇರಿ ಬೇರೆ ದೇಶದ ಹೀಟರನ್ನ ಭಾಷಾಂತರ ಮಾಡೋದು ಬಿಡೋಣ.

ನಿಮ್ಮಲ್ಲಿ ಯಾರಾದ್ರೂ ಪಾಳಿ ಮೇಲೆ ಜನರನ್ನ ದುಡಿಸೋ ಜಾಗದಲ್ಲಿ ಮ್ಯಾನೇಜರ್ ಆಗಿದ್ರೆ, ಎಚ್‌ಆರ್ ಆಗಿದ್ರೆ, ಮುಂದಿನ ಸಲದ ಬೂಟಿನ ಆರ್ಡರಿಗೆ ಸಹಿ ಹಾಕೋ ಮುಂಚೆ ಒಂದು ಸಲ ಕೇಳಿ: ಇವು ತೊಯ್ದ ದಿನ ಇವನು ಏನು ಹಾಕ್ಕೊಳ್ತಾನೆ? ಉತ್ತರ ಇಲ್ಲ ಅಂದ್ರೆ ಸಂಖ್ಯೆ ಡಬಲ್ ಮಾಡಿ. ಉಳಿದವರು, ನಿಮ್ಮೂರ ಬಸ್ ಸ್ಟ್ಯಾಂಡ್ ಮುಂದಿನ ಕಾಕಾನ ಹತ್ರ ಐದು ನಿಮಿಷ ಕೂತು, ಕೇಳಿ, ಕೇಳಿದ್ದನ್ನ ಬರೀರಿ. ನಾನು ಓದ್ತೀನಿ.